ಕಡತದಿಂದ ತೆಗೆದ ಪದ

ಪಡಸಾಲೆ ಖಾಲಿಯಾಗುವವರೆಗೂ ಆ ತಾಯಿ ಎದ್ದಿರಲಿಲ್ಲ.

ಶಾಸಕಿಯಾದ ಮೇಲೆ ನನ್ನ ಕ್ಷೇತ್ರದ ಮನೆಯ ಪಡಸಾಲೆ ಬೆಳಗಿನ ಹೊತ್ತು ನಮ್ಮದಾಗಿರುವುದಿಲ್ಲ. ವರ್ಗಾವಣೆ ಬೇಕಾದವರು, ಪಿಂಚಣಿ ನಿಂತವರು, ವಸತಿ ಶಾಲೆಯಲ್ಲಿ ಮಗಳಿಗೆ ಸೀಟು ಕೇಳುವವರು, ಕರೆಂಟಿನ ಕಂಬ ತಮ್ಮ ಓಣಿಗೇ ಮೊದಲು ಬರಬೇಕೆನ್ನುವವರು, ಎಲ್ಲರೂ ಚಾಪೆಯ ಮೇಲೆ ಕೂತಿರುತ್ತಾರೆ. ಅವರು ಅರ್ಜಿ ಕೊಡುತ್ತಾರೆ. ನಾನು ಅದರ ಮೇಲೆ ‘ಪರಿಶೀಲಿಸಿ’ ಎಂದು ಬರೆದು ಸಹಿ ಹಾಕುತ್ತೇನೆ. ಆಪ್ತ ಸಹಾಯಕರು ಫೋನು ಹಚ್ಚುತ್ತಾರೆ. ಆ ತಾಯಿಯ ಕೈಯಲ್ಲಿ ಅರ್ಜಿ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತವರು ನನ್ನನ್ನೇ ನೋಡುತ್ತಿದ್ದರು.

“ಏನಾಗ್ಬೇಕಿತ್ರಿ ಯವ್ವಾ?” ಅಂದೆ.

“ನಮಗೇನೂ ಆಗ್ಬೇಕಾಗಿಲ್ರಿ. ಆಗೋದೆಲ್ಲ ಆಗಿ ಹೋಗೇತಿ. ಒಂದ ಮಾತು ಕೇಳಿ ಹೋಗೂಣು ಅಂತ ಬಂದೀನಿ.”

ಮಲಪ್ರಭೆಯ ದಂಡೆಯ ಒಂದು ಊರಿನವರು. ಹೊಲದ ಕೂಲಿ. ಮಗಳನ್ನು ಹುನಗುಂದದ ಕಡೆ ಕೊಟ್ಟಿದ್ದಾರೆ. ಚೊಚ್ಚಲ ಬಸುರಿಯನ್ನು ಹಡೆಯಲು ತವರಿಗೆ ಕರೆತಂದಿದ್ದರು. ಹೆರಿಗೆಯ ಬ್ಯಾನಿ ಶುರುವಾದಾಗ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಕೂಸು ಅಡ್ಡಲಾಗಿತ್ತು. ಹೊಟ್ಟೆ ಕೊಯ್ದೇ ತೆಗೆಯಬೇಕು, ಇಲ್ಲಿ ಆಗುವುದಿಲ್ಲ, ಬಾಗಲಕೋಟೆಗೆ ಹೋಗಿ ಎಂದು ಆಂಬುಲೆನ್ಸ್ ಹತ್ತಿಸಿ ಕಳಿಸಿದರು. ಬಾಗಲಕೋಟೆಯಲ್ಲಿ ಮಗಳು ಉಳಿದಳು. ಕೂಸು ದಾರಿಯಲ್ಲೇ ಹೋಗಿತ್ತು.

“ಆ ದವಾಖಾನಿಯೊಳಗ ಆಪರೇಶನ್ ಖೋಲಿ ಐತೆಲ್ರಿ? ಅದನ್ನ ನೀವ ಬಂದು ಉದ್ಘಾಟನಿ ಮಾಡಿದ್ರಿ. ನಾನೂ ಅವತ್ತ ನಿಂತು ನೋಡೀನಿ. ಖೋಲಿ ಇಟಗೊಂಡು ಯಾಕ ಆಗಂಗಿಲ್ಲ ಅಂತಾರ್ರಿ? ಬೀಗರು ಕೇಳ್ತಾರ. ನಾ ಏನ್ ಹೇಳ್ಲಿ?”

ಕೇಳಿ ತಿಳಿದು ಹೇಳುತ್ತೇನೆ ಅಂದೆ. ಅವರು ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಚಹಾ ಕುಡಿದು ಹೋಗಿ ಎಂದರೂ ನಿಲ್ಲಲಿಲ್ಲ.

ಆ ತಾಲ್ಲೂಕು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿಯ ಸ್ತ್ರೀರೋಗ ತಜ್ಞೆ ಯಾರೆಂದು ತಿಳಿದುಬಿಡುತ್ತದೆ. ಆಕೆ ಇನ್ನೂ ಸರ್ಕಾರಿ ನೌಕರಿಯಲ್ಲಿದ್ದಾರೆ.

ಅದೇ ದಿನ, ಯಾರಿಗೂ ಮುಂಚಿತವಾಗಿ ಹೇಳದೆ, ಆಸ್ಪತ್ರೆಗೆ ಹೋದೆ. ಶಾಸಕರು ಬರುತ್ತಾರೆಂದು ಗೊತ್ತಾದರೆ ಫಿನಾಯಿಲ್ ವಾಸನೆ ಬರುತ್ತದೆ, ಹಾಸಿಗೆಗೆ ಹೊಸ ಹೊದಿಕೆ ಬರುತ್ತದೆ. ಅಂದು ಅದೇನೂ ಇರಲಿಲ್ಲ. ಹೊರಗಿನ ಫಲಕದಲ್ಲಿ ವೈದ್ಯರ ಹೆಸರುಗಳಿದ್ದವು. ಅರಿವಳಿಕೆ ತಜ್ಞರ ಹೆಸರೂ ಇತ್ತು, ದಪ್ಪ ಅಕ್ಷರದಲ್ಲಿ. ಸ್ತ್ರೀರೋಗ ತಜ್ಞೆ ನನ್ನನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ದರು. ಬೀಗ ತೆಗೆಯಲು ಕೀಲಿ ಹುಡುಕಬೇಕಾಯಿತು. ಒಳಗೆ ದೊಡ್ಡ ದೀಪ, ಮೇಜು, ಅರಿವಳಿಕೆ ಯಂತ್ರ ಎಲ್ಲವೂ ಇದ್ದವು. ದೀಪಕ್ಕೆ ಸುತ್ತಿದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ. ನಾನು ಕತ್ತರಿಯಿಂದ ರಿಬ್ಬನ್ ಕತ್ತರಿಸಿ, ಚಪ್ಪಾಳೆ ತಟ್ಟಿಸಿಕೊಂಡು ಹೋದದ್ದು ಇದೇ ಬಾಗಿಲಲ್ಲಿ.

“ಮೇಡಂ, ಕೊಯ್ಯೋಕೆ ನಾ ಇದ್ದೀನಿ,” ಎಂದರು ಆ ವೈದ್ಯೆ. “ಎಚ್ಚರ ತಪ್ಪಿಸೋರು ಇಲ್ಲ. ಅವರಿಲ್ದ ನಾ ಚಾಕು ಮುಟ್ಟಂಗಿಲ್ಲ. ಮುಟ್ಟಿ ಏನರ ಹೆಚ್ಚುಕಮ್ಮಿ ಆದ್ರ ಬಾಣಂತಿ ಜೀವ ಹೋಗ್ತದ.”

“ಬೋರ್ಡಿನ ಮ್ಯಾಲೆ ಹೆಸರು ಅದ ಅಲ್ರಿ?”

“ಹೆಸರು ಇಲ್ಲೇ ಅದ. ಪಗಾರೂ ಇಲ್ಲಿಂದನ ಆಗ್ತದ. ಅವರಷ್ಟ ಬೆಂಗಳೂರಾಗ ಇದ್ದಾರ. ನಿಯೋಜನೆ.”

ನಿಯೋಜನೆ ಎಂದರೆ ಹುದ್ದೆ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಕಾಗದದಲ್ಲಿ ಆ ವೈದ್ಯ ನಮ್ಮ ಆಸ್ಪತ್ರೆಯವರು. ಆದ್ದರಿಂದ ಹುದ್ದೆ ಖಾಲಿ ಇಲ್ಲ. ಖಾಲಿ ಇಲ್ಲದ ಹುದ್ದೆಗೆ ಬೇರೆಯವರನ್ನು ಕೇಳುವಂತಿಲ್ಲ. ಕುರ್ಚಿ ಮಾತ್ರ ಖಾಲಿ. ಈ ವ್ಯವಸ್ಥೆಯನ್ನು ಕಂಡುಹಿಡಿದವರಿಗೆ ಎಂದಾದರೂ ಹೆಂಡತಿಯನ್ನೋ ಮಗಳನ್ನೋ ಬ್ಯಾನಿಯಲ್ಲಿ ಆಂಬುಲೆನ್ಸ್ ಹತ್ತಿಸುವ ಪ್ರಸಂಗ ಬಂದಿರಲಾರದು.

ಆ ವೈದ್ಯರಿಗೇ ಫೋನು ಮಾಡಿದೆ. ಸೌಜನ್ಯದ ಮನುಷ್ಯ. “ಮೇಡಂ, ನಾನಿಲ್ಲಿ ತರಬೇತಿ ವಿಭಾಗದಲ್ಲಿ ಫೈಲ್ ನೋಡ್ತಿದ್ದೀನಿ. ಸಿರಿಂಜ್ ಹಿಡಿದು ತುಂಬಾ ದಿನ ಆಯ್ತು,” ಎಂದರು. ಮುಚ್ಚುಮರೆ ಇರಲಿಲ್ಲ. ಹೆಂಡತಿಗೆ ಬೆಂಗಳೂರಿನಲ್ಲಿ ನೌಕರಿ, ತಾನೇ ಕೇಳಿಕೊಂಡೆ, ಮೇಲಿನವರು ಮಾಡಿಕೊಟ್ಟರು ಎಂದರು. ಆಮೇಲೆ ಒಂದು ಮಾತು ಸೇರಿಸಿದರು: “ಅಲ್ಲಿ ನಾನೊಬ್ಬನೇ ಮೇಡಂ. ಹಗಲು ರಾತ್ರಿ, ಹಬ್ಬ ಹುಣ್ಣಿಮೆ, ಒಬ್ಬನೇ. ಒಬ್ಬ ಮನುಷ್ಯ ಎಷ್ಟು ದಿನ ಹಾಗೆ ಇರಬಲ್ಲ?” ಆ ಮಾತಿನಲ್ಲಿ ನಿಜವಿತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಜೀವ ಉಳಿಸುವ ವಿದ್ಯೆ ಕಲಿತವರನ್ನು ಫೈಲು ನೋಡಲು ಕೂರಿಸಿದವರ ಮೇಲಿನ ಸಿಟ್ಟು ಅದು.

ಮೊದಲು ನೆಟ್ಟಗಿನ ದಾರಿಯನ್ನೇ ಹಿಡಿದೆ. ನಾನು ಆಡಳಿತ ಪಕ್ಷದವಳು. ನಮ್ಮದೇ ಸರ್ಕಾರ, ಆರೋಗ್ಯ ಮಂತ್ರಿಯೂ ನಮ್ಮವರೇ. ಅವರು ಪ್ರವಾಸದಲ್ಲಿ ಬಾದಾಮಿಯ ಪ್ರವಾಸಿ ಮಂದಿರಕ್ಕೆ ಬಂದಾಗ ಹೋಗಿ ಕಂಡೆ. ಕೋಣೆಯ ತುಂಬ ಹಾರ, ಶಾಲು, ಹಣ್ಣಿನ ಬುಟ್ಟಿ. ಸೋಫಾದ ತುದಿಯಲ್ಲಿ ಕೂತು ವಿಷಯ ಹೇಳಿದೆ. ಕೂಸು ಸತ್ತ ಭಾಗಕ್ಕೆ ಬಂದಾಗ ಅವರು “ಅಯ್ಯೋ ಪಾಪ” ಎಂದರು. ಆಪ್ತ ಕಾರ್ಯದರ್ಶಿಯ ಕಡೆ ತಿರುಗಿ, “ನೋಟ್ ಮಾಡ್ಕೊಳ್ಳಪ್ಪ,” ಎಂದರು. ಅವನು ಬರೆದುಕೊಂಡ. ಹೊರಡುವಾಗ ಮಂತ್ರಿಗಳು ನನ್ನ ಸೀರೆ ನೋಡಿ, “ಇಳಕಲ್ ಸೀರೆ ಅಂದ್ರೆ ಅದರ ಗತ್ತೇ ಬೇರೆ ಅಮ್ಮಾ,” ಎಂದು ಹೊಗಳಿದರು. ತವರು ಇಳಕಲ್ಲಾದ ಕಾರಣ ಆ ಹೊಗಳಿಕೆ ನನಗೆ ಹೊಸದಲ್ಲ. ಸೀರೆ ಹೊಗಳಿದವರು ಅದರೊಳಗಿನವಳ ಮಾತು ಕೇಳಿದ್ದಾರೆಂಬ ಭರವಸೆ ಇಟ್ಟುಕೊಳ್ಳಬಾರದೆಂದು ಆಗಲೇ ತಿಳಿಯಬೇಕಿತ್ತು.

ಜ್ಞಾಪಿಸಿದೆ, ಮತ್ತೆ ಜ್ಞಾಪಿಸಿದೆ. ಜಿಲ್ಲೆಯ ಆರೋಗ್ಯ ಅಧಿಕಾರಿಯನ್ನು ಕೇಳಿದರೆ “ಮ್ಯಾಲಿಂದ ಆಗ್ಬೇಕ್ರಿ” ಎಂದರು. ಬೆಂಗಳೂರಿನಲ್ಲಿ ಕೇಳಿದರೆ “ಜಿಲ್ಲೆಯಿಂದ ಪ್ರಸ್ತಾವ ಬರಲಿ” ಎಂದರು. ಈ ನಡುವೆ ನಮ್ಮ ಆಸ್ಪತ್ರೆಯಿಂದ ಬಸುರಿಯರನ್ನು ಬಾಗಲಕೋಟೆಗೆ ಕಳಿಸುವುದು ನಡೆದೇ ಇತ್ತು.

ಕೊನೆಗೆ ಸದನದಲ್ಲಿ ಕೇಳುವುದೆಂದು ನಿರ್ಧರಿಸಿ ಪ್ರಶ್ನೆಯ ಸೂಚನೆ ಕೊಟ್ಟೆ. ಆಸ್ಪತ್ರೆಯಲ್ಲಿ ಯಾವ ಯಾವ ತಜ್ಞ ವೈದ್ಯರ ಹುದ್ದೆ ಖಾಲಿ ಇವೆ, ಯಾವಾಗ ತುಂಬುತ್ತೀರಿ ಎಂದು. ಲಿಖಿತ ಉತ್ತರ ಬಂತು. ನಮ್ಮ ಸದನದ ಉತ್ತರದ ಹಾಳೆಯಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ ಇರುತ್ತದೆ. ಮೊದಲನೆಯದಕ್ಕೆ ‘ಯಾವುದೇ ಹುದ್ದೆ ಖಾಲಿ ಇರುವುದಿಲ್ಲ’ ಎಂದಿತ್ತು. ಎರಡನೆಯದಕ್ಕೆ ‘ಉದ್ಭವಿಸುವುದಿಲ್ಲ’ ಎಂದಿತ್ತು.

ಉದ್ಭವಿಸುವುದಿಲ್ಲ! ಮಗಳನ್ನು ಹಡೆಯಲು ಕರೆತಂದು ಬರಿಗೈಯಲ್ಲಿ ಗಂಡನ ಮನೆಗೆ ಕಳಿಸಿದ ತಾಯಿಗೆ ಪ್ರಶ್ನೆ ಉದ್ಭವಿಸಿತ್ತು. ಸರ್ಕಾರಕ್ಕೆ ಉದ್ಭವಿಸಿರಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಒಬ್ಬ ಹಿರಿಯರಿದ್ದಾರೆ. ವಿಧಾನಸಭೆಯ ಸಚಿವಾಲಯದ ಪ್ರಶ್ನೆ ಶಾಖೆಯಲ್ಲಿ ದುಡಿದು ನಿವೃತ್ತರಾದವರು. ಉತ್ತರದ ಹಾಳೆ ಹಿಡಿದು ಅವರ ಮನೆಗೆ ಹೋದೆ. ಓದಿ ನಕ್ಕರು. ನನಗೆ ಆ ನಗು ಸೇರಲಿಲ್ಲ.

“ನಗಬ್ಯಾಡ್ರಿ. ಒಂದು ಕೂಸು ಹೋಗೇದ.”

“ಅದಕ್ಕಲ್ಲವ್ವಾ ನಕ್ಕದ್ದು,” ಎಂದು ಕನ್ನಡಕ ತೆಗೆದರು. “ನೀವು ವಕೀಲರು. ಕೋರ್ಟಿನ್ಯಾಗ ಪಾಟಿಸವಾಲು ಮಾಡಿದವರು. ಇಲ್ಲಿ ಬಂದು ಬಾಗಲಾ ತೆರೆದಿಟ್ಟು ಕೇಳೀರಲ್ಲ. ‘ಹುದ್ದೆ ಖಾಲಿ ಅದ ಏನು’ ಅಂತ ಕೇಳಿದ್ರ ‘ಇಲ್ಲ’ ಅಂದು ಹೋಗ್ತಾರ. ಅದು ಅವರ ಲೆಕ್ಕದಾಗ ಖರೆನ ಅದ. ಹುದ್ದೆ ಬಗ್ಗೆ ಕೇಳಬ್ಯಾಡ್ರಿ. ಆ ಖೋಲಿಯೊಳಗ ಏನಾಗೇದ ಅಂತ ಕೇಳ್ರಿ.”

ಅಂದು ಮಧ್ಯಾಹ್ನವೆಲ್ಲ ಅವರ ಜಗುಲಿಯಲ್ಲಿ ಕೂತು ಪ್ರಶ್ನೆ ಕಟ್ಟಿದೆವು. ಅವರು ಒಂದೊಂದು ಪದವನ್ನೂ ಒತ್ತಿ ನೋಡುತ್ತಿದ್ದರು. ‘ಸೌಲಭ್ಯ ಇದೆಯೇ’ ಎಂದರೆ ಯಂತ್ರವಿದೆ ಎಂದು ಹೇಳಿ ಪಾರಾಗುತ್ತಾರೆ. ‘ಕ್ರಮ ಕೈಗೊಳ್ಳಲಾಗಿದೆಯೇ’ ಎಂದರೆ ಪತ್ರ ಬರೆದಿದ್ದೇವೆ ಎನ್ನುತ್ತಾರೆ. ‘ಗಮನಕ್ಕೆ ಬಂದಿದೆಯೇ’ ಎಂದು ಶುರು ಮಾಡಲೇಬಾರದು, ‘ಬಂದಿರುವುದಿಲ್ಲ’ ಎಂದರೆ ಮುಂದಿನದೆಲ್ಲ ಬಿದ್ದುಹೋಗುತ್ತದೆ. ಕಡೆಗೆ ಉಳಿದದ್ದು ಇಷ್ಟು: ಕೊಠಡಿ ಉದ್ಘಾಟನೆಯಾದ ಮೇಲೆ ಅಲ್ಲಿ ಎಷ್ಟು ಸಿಸೇರಿಯನ್ ಹೆರಿಗೆ ಆಗಿವೆ, ಅರಿವಳಿಕೆ ತಜ್ಞರು ಈಗ ಎಲ್ಲಿ ಕೂತು ಕೆಲಸ ಮಾಡುತ್ತಿದ್ದಾರೆ, ಅವರನ್ನು ಅಲ್ಲಿಗೆ ಕಳಿಸಿದ ಆದೇಶ ಯಾರದು, ಹಿಂದಕ್ಕೆ ಯಾವಾಗ ಕಳಿಸುತ್ತೀರಿ.

“ಚುಕ್ಕೆ ಗುರುತಿನ ಪ್ರಶ್ನೆಯಾಗಿನ ಕೊಡ್ರಿ. ಆಗ ಮಂತ್ರಿ ಎದ್ದು ನಿಂತು ಬಾಯಿಂದ ಹೇಳಬೇಕಾಗ್ತದ. ನೀವು ಉಪಪ್ರಶ್ನೆ ಕೇಳಬಹುದು. ಆದ್ರ ಚೀಟಿ ಎತ್ತತಾರ. ಚೀಟಿಯೊಳಗ ಬರಬೇಕು. ಬಂದ್ರೂ ಪಟ್ಟಿಯ ಕೊನಿಗೆ ಬಂದ್ರ ಹೊತ್ತು ಮುಗದು ಹೋಗ್ತದ.”

ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು: “ನಿಮ್ಮ ಸರ್ಕಾರದ ಮ್ಯಾಲೆ ನೀವ ಕೇಳಾಕ ಹತ್ತೀರಿ. ವಿಚಾರ ಮಾಡೀರೇನು?”

ಮಾಡಿದ್ದೇನೆ ಎಂದೆ. ಅದು ಪೂರ್ತಿ ನಿಜವಾಗಿರಲಿಲ್ಲ.

ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಚೀಟಿಯಲ್ಲಿ ನನ್ನ ಪ್ರಶ್ನೆ ಬಂತು, ಆ ದಿನದ ಪಟ್ಟಿಯ ಕೊನೆಯ ಭಾಗದಲ್ಲಿ. ಅದು ಪಟ್ಟಿಯಲ್ಲಿ ಕಂಡದ್ದೇ ತಡ, ನಮ್ಮ ಪಕ್ಷದ ಮುಖ್ಯ ಸಚೇತಕರಿಂದ ಫೋನು. ನಾಷ್ಟಾಕ್ಕೆ ಬನ್ನಿ ಎಂದರು. ಸದಸ್ಯರು ಸದನದಲ್ಲಿ ಹೇಗೆ ನಡೆಯಬೇಕು, ಯಾವಾಗ ಕೈ ಎತ್ತಬೇಕು ಎಂದು ನೋಡಿಕೊಳ್ಳುವವರು ಅವರು. ಅವರು ಉಳಿದುಕೊಂಡಿದ್ದ ಹೋಟೆಲಿಗೆ ಹೋದೆ. ನನ್ನ ಮುಂದೆ ಇಡ್ಲಿಯ ತಟ್ಟೆ ಸರಿಸಿದರು.

“ನೋಡಿ ಮೇಡಂ, ನಿಮ್ಮ ಕಾಳಜಿ ನನಗೆ ಅರ್ಥ ಆಗುತ್ತೆ. ಆದ್ರೆ ನಮ್ಮವರೇ ನಮ್ಮ ಮಂತ್ರೀನ ನಿಲ್ಸಿ ಕೇಳಿದ್ರೆ ವಿರೋಧ ಪಕ್ಷದವರು ಸುಮ್ನೆ ಬಿಡ್ತಾರಾ? ಉತ್ತರ ಒಪ್ಪಿಕೊಂಡಿದ್ದೀನಿ ಅಂತ ಹೇಳಿ ಕೂತ್ಕೊಳ್ಳಿ. ಆ ಡಾಕ್ಟರ್ ವಿಷಯ ಆಮೇಲೆ ನಾನೇ ನೋಡ್ತೀನಿ.”

“ಆಮೇಲೆ ಅಂದ್ರ ಯಾವಾಗ್ರಿ?”

ಅವರು, ಮಹಿಳೆಯರಿಗೆ ಸಂಬಂಧಿಸಿದ ಒಂದು ನಿಗಮದ ಅಧ್ಯಕ್ಷ ಸ್ಥಾನ ಖಾಲಿಯಿದೆ, ಹೊಸಬರ ಹೆಸರು ಕೇಳುತ್ತಿದ್ದಾರೆ ಎಂದು ಮಾತು ತಿರುಗಿಸಿದರು. ಕಾರು, ಕಚೇರಿ, ಬಾಗಿಲಿಗೆ ಹೆಸರಿನ ಹಲಗೆ. ಇಡ್ಲಿ ನುಂಗುವಷ್ಟು ಸಲೀಸಾಗಿ ಹೇಳಿದರು.

ನಾನು ಆ ಕ್ಷಣವೇ ಎದ್ದು ಬಂದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೆ ಆಗಲಿಲ್ಲ. ಯೋಚಿಸಿ ಹೇಳುತ್ತೇನೆಂದು ಬಂದೆ. ಮುಂದಿನ ಚುನಾವಣೆಯಲ್ಲಿ ಟಿಕೆಟ್ಟು ಕೊಡುವವರು ಇವರೇ. ನನ್ನ ಹಿಂದೆ ದುಡಿದ ಕಾರ್ಯಕರ್ತರಿದ್ದಾರೆ. ಕಾರಿನಲ್ಲಿ ಸುವರ್ಣಸೌಧದ ಕಡೆ ಹೋಗುತ್ತ, ಡಾಕ್ಟರ್ ಬಂದರೆ ಸಾಕಲ್ಲ, ಸದ್ದು ಮಾಡಿಯೇ ಬರಬೇಕೇ ಎಂದು ನನಗೆ ನಾನೇ ಹೇಳಿಕೊಂಡೆ.

ಸದನದ ಹೊರಗೆ ಆ ದಿನದ ಉತ್ತರದ ಹಾಳೆಗಳು ಕೈಸೇರಿದವು. ನಿಂತಲ್ಲೇ ಓದಿದೆ. ‘ಸದರಿ ತಜ್ಞರನ್ನು ಸಾರ್ವಜನಿಕ ಹಿತದೃಷ್ಟಿಯಿಂದ ತರಬೇತಿ ವಿಭಾಗಕ್ಕೆ ನಿಯೋಜಿಸಲಾಗಿದೆ. ಪರ್ಯಾಯ ವ್ಯವಸ್ಥೆ ಮಾಡಲಾಗಿದ್ದು, ಶಸ್ತ್ರಚಿಕಿತ್ಸೆಗಳು ಎಂದಿನಂತೆ ನಡೆಯುತ್ತಿವೆ.’ ಎಷ್ಟು ಹೆರಿಗೆ ಎಂದು ಕೇಳಿದ್ದರ ಮುಂದೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂದಿತ್ತು.

ಎಂದಿನಂತೆ ಎಂಬ ಪದವನ್ನು ಎರಡು ಸಲ ಓದಿದೆ. ಒಂದು ವೇಳೆ ಇತ್ತೀಚೆಗೆ ಏನಾದರೂ ಏರ್ಪಾಡು ಆಗಿದೆಯೋ ಏನೋ, ದುಡುಕಬಾರದು ಎಂದು ಸ್ತ್ರೀರೋಗ ತಜ್ಞೆಗೆ ಫೋನು ಮಾಡಿದೆ.

“ಪರ್ಯಾಯ ವ್ಯವಸ್ಥೆ ಮಾಡೀವಿ ಅಂತ ಬರದಾರ. ಯಾರರ ಬಂದಾರೇನ್ರಿ?”

ಆಕೆಯ ಹಿಂದಿನಿಂದ ಆಂಬುಲೆನ್ಸಿನ ಸದ್ದು ಕೇಳುತ್ತಿತ್ತು.

“ಮೇಡಂ, ಈಗ ಒಬ್ಬಾಕಿನ್ನ ಬಾಗಲಕೋಟಿಗೆ ಹತ್ತಿಸಿ ಕಳಸಾಕ ಹತ್ತೀನಿ. ಅವಳ ಕೈ ಬಿಡಿಸಿಕೊಂಡು ನಿಮ್ಮ ಫೋನ್ ತಗೊಂಡೀನಿ. ಅವರು ಏನರ ಬರಕೊಳ್ಳಲಿ. ನಾ ಫೋನ್ ಇಡ್ತೀನಿ.”

ನಾನು ಯೋಚಿಸುವುದು ಅಲ್ಲಿಗೆ ಮುಗಿಯಿತು. ಮುಖ್ಯ ಸಚೇತಕರಿಗೆ ಹೇಳಿ ಕಳಿಸುವ ಗೋಜಿಗೂ ಹೋಗದೆ ಒಳಗೆ ಹೋಗಿ ಕೂತೆ.

ನನ್ನ ಸರದಿ ಬರುತ್ತದೆಂಬ ಖಾತ್ರಿ ಇರಲಿಲ್ಲ. ಮೊದಲಿನ ಸದಸ್ಯರು ರಸ್ತೆ, ಕೆರೆ, ಕಟ್ಟಡ ಎಂದು ಎಳೆಯುತ್ತಿದ್ದರು. ಗಡಿಯಾರ ನೋಡುತ್ತ ಕೂತವಳಿಗೆ ಒಂದು ಅದೃಷ್ಟ: ನನಗಿಂತ ಮುಂಚಿನ ಇಬ್ಬರು ಗೈರುಹಾಜರಾಗಿದ್ದರು. ಸಭಾಧ್ಯಕ್ಷರು ನನ್ನ ಹೆಸರು ಕರೆದರು. ಮಂತ್ರಿಗಳು ಎದ್ದು “ಉತ್ತರ ಒದಗಿಸಿದೆ” ಎಂದು ಕೂತರು.

ನಾನು ಎದ್ದೆ. ಬ್ಯಾನಿ ತಿನ್ನುತ್ತಿದ್ದ ಹೆಣ್ಣುಮಗಳನ್ನು ಕಳಿಸಿದ್ದು, ಕೂಸು ಹೋದದ್ದು, ದೀಪದ ಪ್ಲಾಸ್ಟಿಕ್ಕು ಬಿಚ್ಚದೆ ಇದ್ದದ್ದು, ಎಲ್ಲ ಹೇಳಿದೆ. ಪರ್ಯಾಯ ವ್ಯವಸ್ಥೆ ಏನು, ಆ ವೈದ್ಯರ ಹೆಸರು ಹೇಳಿ ಎಂದು ಕೇಳಿದೆ.

ಮಂತ್ರಿಗಳು ನಗುಮುಖದಿಂದಲೇ ಎದ್ದರು. “ಸನ್ಮಾನ್ಯ ಸದಸ್ಯೆ ನಮ್ಮ ಪಕ್ಷದವರೇ, ನನಗೆ ತಂಗಿ ಇದ್ದಂಗೆ. ಹೆಣ್ಣುಮಕ್ಕಳು, ಹೀಗಾಗಿ ಭಾವುಕರಾಗಿದ್ದಾರೆ. ಅಲ್ಲಿ ಎಲ್ಲಾ ಎಂದಿನಂತೆ ನಡೀತಿದೆ, ನಮ್ಮ ಅಧಿಕಾರಿಗಳು ವರದಿ ಕೊಟ್ಟಿದ್ದಾರೆ.”

ಯಾರೋ ನಕ್ಕರು. ನನ್ನ ಪಕ್ಕದ ಸಾಲಿನಿಂದಲೇ.

“ಇದು ಸುಳ್ಳು ಉತ್ತರ, ಸಭಾಧ್ಯಕ್ಷರೇ,” ಎಂದೆ.

ಸದನದಲ್ಲಿ ಗದ್ದಲವೆದ್ದಿತು. ವಿರೋಧ ಪಕ್ಷದವರು ಮೇಜು ಗುದ್ದಿದರು. ಅವರ ಮುಖದ ಮೇಲಿನ ಖುಷಿ ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಅವರಲ್ಲಿ ಎಷ್ಟು ಜನರಿಗೆ ಆ ಕೂಸಿನ ಚಿಂತೆ ಇತ್ತು? ಅವರಿಗೆ ಬೇಕಾದದ್ದು ನಮ್ಮ ಮನೆಯ ಜಗಳ. ನಮ್ಮ ಕಡೆಯವರು “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ಕೂಗುತ್ತಿದ್ದರು. ಮುಖ್ಯ ಸಚೇತಕರು ನನ್ನನ್ನು ನೋಡಲಿಲ್ಲ, ಮುಂದಿದ್ದ ಹಾಳೆಯನ್ನು ನೋಡುತ್ತಿದ್ದರು.

ಸಭಾಧ್ಯಕ್ಷರು ಗಂಟೆ ಒತ್ತಿದರು. “ಸುಳ್ಳು ಅನ್ನೋದು ಅಸಂಸದೀಯ ಪದ. ಅದನ್ನು ಕಡತದಿಂದ ತೆಗೆಯಿರಿ. ಸದಸ್ಯೆಯವರು ಬೇರೆ ಪದ ಬಳಸಲಿ.”

ನಾನು ಅಲ್ಲೇ ನಿಂತಿದ್ದೆ. ನನ್ನೆದುರು ಎರಡು ಮಾತಿದ್ದವು. ಒಂದು, ಆಗದ ಶಸ್ತ್ರಚಿಕಿತ್ಸೆ ಆಗುತ್ತಿದೆ ಎನ್ನುವುದು. ಅದು ಮುದ್ರೆಯೊತ್ತಿ ಸದನದ ಕಡತದಲ್ಲಿ ಕಾಯಮ್ಮಾಗಿ ಉಳಿಯುತ್ತದೆ. ಇನ್ನೊಂದು, ಅದನ್ನು ಸುಳ್ಳು ಎಂದ ನನ್ನ ಪದ. ಅದು ಸಭ್ಯವಲ್ಲವಂತೆ, ಅದನ್ನು ಒರೆಸುತ್ತಾರಂತೆ. ಅಷ್ಟು ವರ್ಷ ಕೋರ್ಟಿನಲ್ಲಿ ಸುಳ್ಳುಸಾಕ್ಷಿಗಳನ್ನು ನೋಡಿದ್ದೇನೆ. ಸಾಕ್ಷಿಯ ಸುಳ್ಳನ್ನು ಇಟ್ಟುಕೊಂಡು ವಕೀಲನ ಮಾತನ್ನು ಅಳಿಸಿದ ನ್ಯಾಯಾಧೀಶರನ್ನು ನೋಡಿರಲಿಲ್ಲ.

“ಯಾವ ಪದ ಬಳಸಬೇಕು, ಸಭಾಧ್ಯಕ್ಷರೇ? ತಾವೇ ಹೇಳಿ,” ಎಂದೆ.

“ಸತ್ಯಕ್ಕೆ ದೂರವಾದದ್ದು ಅನ್ನಿ. ಅದಕ್ಕೆ ಅಡ್ಡಿ ಇಲ್ಲ.”

“ಆಗಲಿ. ಈ ಉತ್ತರ ಸತ್ಯಕ್ಕೆ ದೂರವಾಗಿದೆ. ಎಷ್ಟು ದೂರ ಅಂತಲೂ ಹೇಳ್ತೇನೆ. ನಮ್ಮ ತಾಲ್ಲೂಕು ಆಸ್ಪತ್ರೆಯಿಂದ ಬಾಗಲಕೋಟೆ ಎಷ್ಟು ದೂರವೋ ಅಷ್ಟು ದೂರ. ಆ ದಾರಿಯಲ್ಲೇ ಕೂಸು ಸತ್ತದ್ದು. ಈಗ ಸದನ ನಡೆದಿರುವಾಗಲೂ ಒಬ್ಬಳು ಅದೇ ದಾರಿಯಲ್ಲಿದ್ದಾಳೆ. ಮಂತ್ರಿಗಳು ಫೋನ್ ಮಾಡಿ ಕೇಳಲಿ. ಶಸ್ತ್ರಚಿಕಿತ್ಸೆ ಎಂದಿನಂತೆ ನಡೀತಿದ್ದರೆ ನಾನು ಈ ಸದನದ ಕ್ಷಮೆ ಕೇಳ್ತೇನೆ.”

ಮೇಜು ಗುದ್ದುವುದು ನಿಂತಿತು. ನಾನು ಮುಂದಿನ ಮೇಜಿನ ಅಂಚು ಹಿಡಿದು ನಿಂತೇ ಇದ್ದೆ. ಮಂತ್ರಿಗಳು ಹಿಂದೆ ತಿರುಗಿ ಅಧಿಕಾರಿಗಳ ಗ್ಯಾಲರಿಯ ಕಡೆ ನೋಡಿದರು. ಅಲ್ಲಿಂದ ಚೀಟಿ ಬರಲಿಲ್ಲ. “ಪರಿಶೀಲಿಸುತ್ತೇನೆ,” ಎಂದರು. ನಾನು ಕೂರಲಿಲ್ಲ. “ಪರಿಶೀಲಿಸಿ ಎಂದು ದಿನಾ ಬೆಳಿಗ್ಗೆ ನಾನೂ ಅರ್ಜಿಗಳ ಮೇಲೆ ಬರೀತೀನಿ. ಅದರ ಅರ್ಥ ನನಗೆ ಗೊತ್ತಿದೆ,” ಎಂದೆ. ಕೊನೆಗೆ ಸಭಾಧ್ಯಕ್ಷರು, ಅಧಿವೇಶನ ಮುಗಿಯುವುದರೊಳಗೆ ಸದನಕ್ಕೆ ಸರಿಯಾದ ಉತ್ತರ ಕೊಡಬೇಕೆಂದು ಮಂತ್ರಿಗಳಿಗೆ ಸೂಚಿಸಿದರು. ಅಷ್ಟರಲ್ಲಿ ಪ್ರಶ್ನೋತ್ತರದ ಅವಧಿ ಮುಗಿಯಿತು.

ಮೊಗಸಾಲೆಯಲ್ಲಿ ನಮ್ಮವರು ನನ್ನ ಹತ್ತಿರ ಸುಳಿಯದೆ ದೂರದಿಂದಲೇ ಹೋದರು. ಒಬ್ಬ ಹಿರಿಯ ಸದಸ್ಯರು ಮಾತ್ರ ಹತ್ತಿರ ಬಂದು, “ಹೇಳಿದ್ದು ಖರೆ ಐತಿ. ಆದ್ರ ಹಿಂಗ ಹೇಳಬಾರದಿತ್ತು ತಂಗಿ,” ಎಂದರು. ಹೇಗೆ ಹೇಳಬೇಕಿತ್ತು ಎಂದು ಕೇಳುವಷ್ಟರಲ್ಲಿ ಶಾಲು ಸರಿಮಾಡಿಕೊಂಡು ಮುಂದೆ ಹೋದರು. ಸಂಜೆಯೊಳಗೆ ಪಕ್ಷದಿಂದ ವಿವರಣೆ ಕೇಳುವ ನೋಟಿಸು ಬಂತು. ನಿಗಮದ ಮಾತು ಮತ್ತೆ ಯಾರೂ ಎತ್ತಲಿಲ್ಲ. ನಾನಿದ್ದ ಸದನ ಸಮಿತಿಯೊಂದರಿಂದ ನನ್ನ ಹೆಸರು ಬಿಟ್ಟುಹೋಯಿತು. ಇಷ್ಟೆಲ್ಲ ಎಷ್ಟು ಚುರುಕಾಗಿ ಆಯಿತೆಂದರೆ, ಸರ್ಕಾರ ಮನಸ್ಸು ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಅಧಿವೇಶನದ ಕೊನೆಯ ದಿನ ಮಂತ್ರಿಗಳು ಹೇಳಿಕೆ ಓದಿದರು. ನಿಯೋಜನೆ ರದ್ದಾಗಿದೆ, ತಜ್ಞರು ಮೂಲ ಸ್ಥಳಕ್ಕೆ ಮರಳುತ್ತಾರೆ ಎಂದರು. ಹಿಂದಿನ ಉತ್ತರ ತಪ್ಪಾಗಿತ್ತು ಎನ್ನಲಿಲ್ಲ. ನಾನು ಅದನ್ನು ಎಳೆಯಲು ಹೋಗಲಿಲ್ಲ. ಡಾಕ್ಟರ್ ಬರಲಿ ಎಂದು ಸುಮ್ಮನಾದೆ.

ಡಾಕ್ಟರ್ ಬಂದರು. ಮುಖ ಗಂಟು ಹಾಕಿಕೊಂಡೇ ಬಂದರು, ಆದರೆ ಕೆಲಸ ಬಲ್ಲವರು. ಯಂತ್ರದ ನಳಿಗೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಎರಡು ಭಾಗ ಬದಲಾಯಿಸದೆ ಯಾರನ್ನೂ ಮೇಜಿನ ಮೇಲೆ ಮಲಗಿಸುವುದಿಲ್ಲ ಎಂದು ಹಟ ಹಿಡಿದು ತರಿಸಿಕೊಂಡರು. ಆಮೇಲೆ ಒಂದು ಮಧ್ಯಾಹ್ನ ಸ್ತ್ರೀರೋಗ ತಜ್ಞೆಯ ಫೋನು ಬಂತು. “ಮೇಡಂ, ಕೇಳಿಸ್ಕೋರಿ,” ಎಂದರು, ಅಷ್ಟೇ. ಆ ಕಡೆಯಿಂದ ಒಂದು ಕೂಸು ಗಂಟಲು ಹರಿಯುವ ಹಾಗೆ ಅಳುತ್ತಿತ್ತು. ನಾನು ಕುಳಗೇರಿ ಕ್ರಾಸಿನಲ್ಲಿ ಕಾರು ನಿಲ್ಲಿಸಿ ಚಹಾ ಕುಡಿಯುತ್ತಿದ್ದೆ. ಲಾರಿಗಳ ಸದ್ದಿನ ನಡುವೆ ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳಿದೆ.

ಅಲ್ಲಿಂದ ನೇರ ಆ ತಾಯಿಯ ಊರಿಗೆ ಹೋದೆ. ಉತ್ತರ ತಂದುಕೊಡುತ್ತೇನೆ ಎಂದಿದ್ದೆನಲ್ಲ. ಅವರು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನನಗೊಂದು ಚಾಪೆ ಹಾಸಿದರು. ಡಾಕ್ಟರ್ ಯಾಕೆ ಇರಲಿಲ್ಲ, ಎಲ್ಲಿದ್ದರು, ಈಗ ಬಂದಿದ್ದಾರೆ ಎಂದೆಲ್ಲ ಹೇಳಿದೆ. ಸುಲಿಯುವುದು ನಿಲ್ಲಿಸದೆ ಕೇಳಿದರು.

“ನೀವು ಅಲ್ಲಿ ನಿಂತು ಏನಂದ್ರಿ?”

“ಸುಳ್ಳು ಹೇಳ್ತೀರಿ ಅಂದೆ.”

“ಅದಕ್ಕ ಅವರೇನಂದ್ರು?”

“ಆ ಮಾತು ತಗದು ಹಾಕ್ರಿ ಅಂದ್ರು. ತಗದ್ರು.”

“ಯಾವ ಮಾತು? ಅವರು ಹೇಳಿದ್ದೋ, ನೀವು ಅಂದದ್ದೋ?”

“ನಾ ಅಂದದ್ದು.”

ಆ ತಾಯಿಯ ಕೈ ನಿಂತಿತು. ನನ್ನ ಮುಖವನ್ನೇ ನೋಡಿದರು. ತಮಾಷೆ ಮಾಡುತ್ತಿದ್ದೇನೋ ಎಂದುಕೊಂಡಿರಬೇಕು. ಅಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಶೇಂಗಾಕ್ಕೆ ಕೈಹಾಕಿದರು. “ಮಗಳು ಮತ್ತ ಬಸುರಾದ್ರ ಇಲ್ಲೇ ಕರಕೊಂಡು ಬರ್ತೀನಿ. ಅವತ್ತ ಆ ಡಾಕ್ಟರ್ ಇರ್ಲಿ, ಸಾಕು,” ಎಂದರು. ನನಗೆ ಅವರು ಉಪಕಾರ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ.

ಊರಿಗೆ ಮರಳಿದರೆ ನಮ್ಮ ಕಾರ್ಯಕರ್ತರು ಬಸ್ ನಿಲ್ದಾಣದೆದುರು ಫಲಕ ಕಟ್ಟಿಸಿದ್ದರು. ‘ತಾಯಂದಿರ ಧ್ವನಿ’ ಎಂದು ನನ್ನ ಫೋಟೋ. ಇಳಿಸಿ ಎಂದೆ, ಎರಡು ದಿನ ಇರಲಿ ಅಕ್ಕಾರ ಎಂದರು. ನನಗೂ ಒಳಗೊಳಗೇ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಆ ಹಿತ ಬಹಳ ದಿನ ಉಳಿಯಲಿಲ್ಲ. ಪಕ್ಕದ ಕ್ಷೇತ್ರದ ಶಾಸಕರು ಫೋನು ಮಾಡಿದರು. ಅವರು ವಿರೋಧ ಪಕ್ಷದವರು. ಅಂದು ಮೇಜು ಗುದ್ದಿದವರಲ್ಲಿ ಒಬ್ಬರು.

“ಅಕ್ಕಾರ, ನಿಮ್ಮ ಡಾಕ್ಟರ್ ಬಂದ್ರಂತ. ಸಂತೋಷ. ನಮ್ಮವರು ಹೋದ್ರು.”

“ಎಲ್ಲಿಗೆ?”

“ಎಲ್ಲಿಗಂದ್ರ? ಬೆಂಗಳೂರಿಗೆ. ನಿಮ್ಮವರು ಎದ್ದು ಬಂದ ಕುರ್ಚಿಗೆ. ಅದ ತರಬೇತಿ ವಿಭಾಗ. ಸಾರ್ವಜನಿಕ ಹಿತದೃಷ್ಟಿ.”

ನಮ್ಮ ಆಸ್ಪತ್ರೆಯ ಗುಂಡಿಯನ್ನು ಮುಚ್ಚಲು ಪಕ್ಕದ ಅಂಗಳದಲ್ಲಿ ಮಣ್ಣು ತೋಡಿದ್ದರು. ಇದನ್ನು ಯಾವನೋ ಒಬ್ಬ ಅಧಿಕಾರಿ ಕೂತು ಯೋಚಿಸಿ, ಟೈಪು ಮಾಡಿಸಿ, ಸಹಿ ಹಾಕಿ ಕಳಿಸಿದ್ದಾನೆ. ಅವನ ಪಾಲಿಗೆ ಒಂದು ತಕರಾರು ಮುಗಿಯಿತು. ಮುಂದಿನ ಬಸುರಿ ನನ್ನ ಕ್ಷೇತ್ರದವಳಲ್ಲ, ಹೀಗಾಗಿ ನಾನು ಸುಮ್ಮನಿರುತ್ತೇನೆ ಎಂದು ಅವರು ಲೆಕ್ಕ ಹಾಕಿದ್ದರು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಉರಿಸಿದ್ದು ಆ ಲೆಕ್ಕವೇ. ಅದರಲ್ಲಿ ನನ್ನ ಬೆಲೆ ಎಷ್ಟೆಂದು ಅವರು ಗೊತ್ತುಮಾಡಿಬಿಟ್ಟಿದ್ದರು.

“ಬರ್ರಿ, ಕೂತು ಮಾತಾಡೂಣು,” ಎಂದೆ. ಬಸ್ ನಿಲ್ದಾಣದ ಫಲಕವನ್ನು ಅಂದೇ ನಿಂತು ಇಳಿಸಿದೆ. ಆ ಶಾಸಕರು ನವನಗರದ ಹಿರಿಯರ ಜಗುಲಿಗೆ ಬಂದರು. ನಮ್ಮಿಬ್ಬರ ಪಕ್ಷದವರು ಯಾರೂ ನೋಡದಿರಲಿ ಎಂದು ಇಬ್ಬರೂ ಬೇರೆಬೇರೆ ದಾರಿ ಹಿಡಿದು ಬಂದಿದ್ದೆವು, ಏನೋ ಕಳ್ಳತನ ಮಾಡುವವರ ಹಾಗೆ. ಹಿರಿಯರು ಈ ಸಲ ನಗಲಿಲ್ಲ. ರಾಜ್ಯದಲ್ಲಿ ಯಾವ ಯಾವ ವೈದ್ಯರು ಪಗಾರ ಒಂದು ಕಡೆ ತೆಗೆದುಕೊಂಡು ಕೆಲಸ ಇನ್ನೊಂದು ಕಡೆ ಮಾಡುತ್ತಿದ್ದಾರೆ, ಅವರು ಬಿಟ್ಟುಬಂದ ಆಸ್ಪತ್ರೆಗಳಲ್ಲಿ ಹೆರಿಗೆ ಹೇಗೆ ಆಗುತ್ತಿವೆ ಎಂದು ಕೇಳುವ ಪ್ರಶ್ನೆಯನ್ನು ಮೂವರೂ ಸೇರಿ ಕಟ್ಟಿದೆವು. ಆ ಶಾಸಕರ ಹೆಸರಿನಲ್ಲೊಂದು, ನನ್ನ ಹೆಸರಿನಲ್ಲೊಂದು. ಚೀಟಿಯಲ್ಲಿ ಯಾವುದಾದರೊಂದು ಬರಲಿ ಎಂದು.

ಮುಂದಿನ ಅಧಿವೇಶನಕ್ಕೆ ಮುನ್ನ ಬೆಂಗಳೂರಿಗೆ ಹೋದಾಗ ಪ್ರಶ್ನೆ ಶಾಖೆಗೆ ನಾನೇ ಹೋಗಿ ಸೂಚನೆ ಕೊಟ್ಟೆ. ಅಲ್ಲಿಯ ಮಹಿಳಾ ಸಿಬ್ಬಂದಿ ಕಂಪ್ಯೂಟರಿನಲ್ಲಿ ನಮೂದಿಸಿಕೊಳ್ಳುತ್ತ ನಡುವೆ ನಿಲ್ಲಿಸಿದರು.

“ಮೇಡಂ, ಯಾವ ಆಸ್ಪತ್ರೆ ಅಂತ ಬರೆದಿಲ್ಲ. ನಿಮ್ಮ ತಾಲ್ಲೂಕಿನದು ಅಂತ ಹಾಕ್ಲಾ?”

“ನಮ್ಮ ತಾಲ್ಲೂಕಿನದು ಮುಗೀತವ್ವಾ,” ಎಂದೆ. “ಉಳಿದದ್ದೆಲ್ಲಾ ಹಾಕು.”